ಅಕ್ಕ ಅನಾನಸ್ ತಿಂದ ವರ್ಷ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ಮೊಮ್ಮಗನ ಹೆಂಡತಿಯ ಕುಬಸ ಇತ್ತು. ಬಸುರಿ ಹೆಣ್ಣಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ನಡುಮನೆಯಲ್ಲಿ ಕೂಡಿಸಿದ್ದರು. ಊಟವಾದ ಮೇಲೆ ಯಾರೋ ಹಣ್ಣಿನ ತಾಟು ತಂದು ಅವಳ ಮುಂದಿಟ್ಟರು. ಬಾಳೆಹಣ್ಣು, ಸೇಬು, ಅಂಚಿಗೆ ಒಂದಿಷ್ಟು ಅನಾನಸಿನ ಹೋಳು. ಹುಡುಗಿ ಅನಾನಸಿಗೆ ಕೈ ಚಾಚಿದ್ದೇ ತಡ, ನೆಂಟರಲ್ಲಿ ಒಬ್ಬಾಕೆ ಆ ಕೈಗೆ ಪಟ್ಟಂತ ಹೊಡೆದಳು.

"ಅಯ್ಯ, ಅದನ್ನ ಮುಟ್ಟಬ್ಯಾಡವಾ! ಗರ್ಭ ಇಳದು ಹೋಗತೈತಿ."

ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಫ್ಯಾನಿನ ಗಾಳಿಗೆ ಆ ಹಣ್ಣಿನ ವಾಸನೆ ನನ್ನ ತನಕ ಬಂದಿತ್ತು. ಮೇಲೆ ಈ ಮಾತು. ಆಮೇಲೆ ನಾನು ಏನೇನು ಒದರಿದೆನೋ ಪೂರ್ತಿ ನೆನಪಿಲ್ಲ, ನೆನಪಿದ್ದಷ್ಟು ಬರೆಯುವಂಥದ್ದಲ್ಲ. ಮಗ ಓಡಿ ಬಂದು ರಟ್ಟೆ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದ. "ಅವ್ವಾ, ಶುಭ ಕಾರ್ಯ ನಡದೈತಿ. ಹಂಗ ಮಾಡಬಾರದು" ಎಂದ. ಹೊರಗೆ ಯಾರೋ, ಮುದುಕಿಗೆ ಅರಳುಮರಳು ಎಂದದ್ದು ಕೇಳಿಸಿತು. ನನ್ನ ತಲೆ ನೆಟ್ಟಗಿದೆ. ನೆಟ್ಟಗಿರುವುದರಿಂದಲೇ ಆ ವರ್ಷ ನನಗೆ ಮರೆತಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನಗೆ ಎಂಬತ್ತು ದಾಟಿದೆ, ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರನ್ನೂ ಕೇಳಿಕೊಂಡಿಲ್ಲ.

ನಮ್ಮದು ಹಾನಗಲ್ಲು. ಅಪ್ಪ ಅಲ್ಲಿ ಗಂಡುಮಕ್ಕಳ ಶಾಲೆಯಲ್ಲಿ ಮಾಸ್ತರರು. ಜರ್ಮನಿಯ ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆಗೆ ಸರದಿ ನಿಲ್ಲಬೇಕು, ಒಳ್ಳೆಯ ಸೀರೆ ಎಂಬುದು ಅಂಗಡಿಯಲ್ಲಿ ನೋಡಲೂ ಸಿಗುತ್ತಿರಲಿಲ್ಲ. ಮನೆಯಲ್ಲಿ ನಾವು ಇಬ್ಬರೇ ಮಕ್ಕಳು, ಅಕ್ಕ ಗಿರಿಜಾ ಮತ್ತು ನಾನು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕನ್ನಡ ಐದನೆಯ ಇಯತ್ತೆ ಮುಗಿಸಿದ ಮೇಲೆ ಅವಳನ್ನು ಶಾಲೆ ಬಿಡಿಸಿದ್ದರು. ಊರಿನ ಗಂಡುಹುಡುಗರಿಗೆಲ್ಲ ಲೆಕ್ಕ, ಭೂಗೋಳ ಕಲಿಸುವ ಅಪ್ಪನಿಗೆ ಮನೆಯಲ್ಲಿದ್ದ ಹುಡುಗಿಗೆ ಕಲಿಸಬೇಕು ಎಂದು ಅನ್ನಿಸಲಿಲ್ಲ. ಅವಳು ಸುಮ್ಮನೆ ಕೂಡುವವಳಲ್ಲ. ಹಿತ್ತಲಿಗೆ ಇಳಿದಳು.

ಸಂತೆಗೆ ಶಿರಸಿ ಕಡೆಯಿಂದ ಚಕ್ಕಡಿಗಳಲ್ಲಿ ಅನಾನಸ್ ಬರುತ್ತಿದ್ದವು. ಮಾರುವವರು ಅಲ್ಲೇ ಸಿಪ್ಪೆ ಕೆತ್ತಿ, ಹೋಳು ಮಾಡಿ, ಉಪ್ಪು ಖಾರ ಸವರಿ ಕೊಡುತ್ತಿದ್ದರು. ತಲೆಯ ಮೇಲಿನ ಹಸಿರು ಜುಟ್ಟನ್ನು ಕಡಿದು ಚಕ್ಕಡಿಯ ಕೆಳಗೆ ಎಸೆಯುತ್ತಿದ್ದರು. ದನಗಳೂ ಅದನ್ನು ಮೂಸಿ ಬಿಡುತ್ತಿದ್ದವು, ಎಲೆಯ ಅಂಚಿಗೆಲ್ಲ ಗರಗಸದಂಥ ಮುಳ್ಳು. ಒಂದು ಸಂತೆಯ ದಿನ ಅಕ್ಕ ಅಂಥ ಜುಟ್ಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅವ್ವ ಹಣೆ ಚಚ್ಚಿಕೊಂಡಳು. "ಮಂದಿ ಒಗದದ್ದನ್ನ ಆರಿಸ್ಕೊಂಡು ಬಂದಿಯಲ್ಲ, ಮಾಸ್ತರ್ ಮಗಳಾಗಿ!"

ಮೊದಲ ಸಲ ಹಸಿ ಹಸಿಯಾಗಿಯೇ ಮಣ್ಣಿಗೆ ಹಾಕಿದಳು. ಎಲ್ಲವೂ ಕೊಳೆತು ನಾರಿದವು. ಒಂದು ಮಾತ್ರ ಹಿತ್ತಲ ಗೋಡೆಯ ಮೇಲೆ ಮರೆತು ಬಿದ್ದಿತ್ತು. ಕೆಲವು ದಿನಗಳ ಮೇಲೆ ನೋಡಿದರೆ ಕಡಿದ ಗಾಯ ಒಣಗಿ ಗಟ್ಟಿಯಾಗಿದೆ, ಎಲೆ ಮಾತ್ರ ಹಸಿರಾಗಿಯೇ ಇದೆ. ಅಕ್ಕ ಅದರ ಬುಡದ ಎಲೆಗಳನ್ನು ಒಂದೊಂದಾಗಿ ಎಳೆದು ಕಿತ್ತಳು. ಒಳಗೆ ದಿಂಡಿನ ಸುತ್ತ ರಾಗಿ ಕಾಳಿನಷ್ಟು ಸಣ್ಣ ಕಂದು ಗುಬುಟುಗಳು. "ಶಾಂತಾ, ಬಾ ಇಲ್ಲೆ. ಬೇರು ಆಗಲೇ ತಯಾರಾಗಿ ಕುಂತಾವ ನೋಡು" ಎಂದು ನನ್ನನ್ನು ಕೂಗಿದಳು. ಆ ಕೂಗಿನ ಸಂತೋಷ ನನ್ನ ಕಿವಿಯಲ್ಲಿ ಇನ್ನೂ ಇದೆ. ಅಲ್ಲಿಂದ ಅವಳಿಗೆ ದಾರಿ ಸಿಕ್ಕಿತು. ಜುಟ್ಟನ್ನು ತಿರುವಿ ಕಿತ್ತು, ಬುಡದ ಎಲೆ ತೆಗೆದು, ನೆರಳಿನಲ್ಲಿ ಒಣಗಲು ಬಿಟ್ಟು, ಆಮೇಲೆ ಒಡಕು ಗಡಿಗೆಗಳಲ್ಲಿ ಮರಳು, ಹಳೆಯ ಗೊಬ್ಬರ ತುಂಬಿ ನೆಡುವುದು. ನೀರು ಕಡಿಮೆ. ಬೇರು ಕಚ್ಚಿದೆಯೋ ಎಂದು ಮೆಲ್ಲಗೆ ಎಳೆದು ನೋಡುವುದು. ಅದು ತಿರುಗಿ ಎಳೆದರೆ ಗೆದ್ದಂತೆ. ಗಟ್ಟಿಯಾದವನ್ನು ಹಿತ್ತಲಿನ ನೆಲಕ್ಕೆ ಸಾಲಾಗಿ ಇಳಿಸಿದಳು. ಬಚ್ಚಲ ಒಲೆಯ ಹೊಗೆ ಹಾಯುವ ಕಡೆಗೂ ಒಂದೆರಡು ನೆಟ್ಟಳು.

ಓಣಿಯ ಹೆಂಗಸರು ಬಂದು ನಗುತ್ತಿದ್ದರು. "ಏನ ಗಿರಿಜಾ, ಕತ್ತಾಳಿ ಬೆಳಸಾಕತ್ತೀಯೇನು?" ಹಣ್ಣು ಬರಲು ಎರಡು ಮಳೆಗಾಲ ಕಾಯಬೇಕಂತೆ ಎಂದರೆ ಇನ್ನೂ ನಗು. ಅಕ್ಕ ತಲೆ ಎತ್ತದೆ ಕಳೆ ಕೀಳುತ್ತಿದ್ದಳು.

ಹಣ್ಣು ಬರುವ ಮೊದಲೇ ಅವಳ ಮದುವೆಯಾಯಿತು. ಸವಣೂರಿನವರು. ವೀಳ್ಯದೆಲೆಯ ಬಳ್ಳಿ ತೋಟ, ಎಲೆಯ ವ್ಯಾಪಾರ, ದೊಡ್ಡ ಮನೆ. ಗಂಡನ ಹೆಸರು ಈರಪ್ಪ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎಂದು ಕರೆಯುವುದು ರೂಢಿ; ನಾನೂ ಹಾಗೆಯೇ ಕರೆದೆ. ನೋಡಲು ಚೆಂದ, ಮಾತು ಮೆತ್ತಗೆ. ಅವನ ತಾಯಿ ಬಸಲಿಂಗವ್ವ ಮಾತ್ರ ಮದುವೆಯ ಹಂದರದಲ್ಲೇ ನಮ್ಮವ್ವನಿಗೆ ಹೇಳಿದ್ದಳು: "ನಮ್ಮನ್ಯಾಗ ಕೆಲಸ ಭಾಳ ಐತ್ರಿ ಬೀಗರ. ಕುಂತು ಉಣ್ಣಾಕ ಸೊಸಿ ತರೂದಿಲ್ಲ ನಾವು." ಅವ್ವ ನಕ್ಕು ತಲೆಯಾಡಿಸಿದಳು. ಹೆಣ್ಣು ಹೆತ್ತವರು ಆಗ ಎಲ್ಲದಕ್ಕೂ ನಗಬೇಕಾಗಿತ್ತು.

ಹೋಗುವಾಗ ಅಕ್ಕ ಅತ್ತದ್ದು ಕಡಿಮೆ. ಚಕ್ಕಡಿ ಹತ್ತುವ ಮುಂಚೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ನೀರು ಭಾಳ ಹಾಕಬ್ಯಾಡ, ಸುಳಿಯೊಳಗ ಮಣ್ಣು ಬೀಳದಂಗ ನೋಡ್ಕೋ" ಎಂದು ಹೇಳಿ ಹೋದಳು.

ಮುಂದಿನ ಚಳಿಗಾಲದ ಕೊನೆಗೆ, ಬಚ್ಚಲ ಹೊಗೆ ಬಡಿಯುತ್ತಿದ್ದ ಎರಡು ಗಿಡಗಳ ಸುಳಿಯಲ್ಲಿ ಕೆಂಪು ಮೂಡಿತು. ಆಮೇಲೆ ಆ ಕೆಂಪಿನ ತುಂಬ ನೀಲಿ ಹೂ, ಒಂದೊಂದು ಕಣ್ಣಿನಲ್ಲೂ ಒಂದೊಂದು. ಸಾಲಿನ ಕೊನೆಯಲ್ಲಿ ನೆರಳಿಗಿದ್ದ ಇನ್ನೊಂದು ಗಿಡ ತಡವಾಗಿ ಹೂ ಬಿಟ್ಟಿತು. ನಕ್ಕ ಹೆಂಗಸರೇ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನೋಡಿ ಹೋದರು. ಮುಂಗಾರು ಸುರುವಾಗಿ ನಾಟಿ ಮುಗಿಯುವ ಹೊತ್ತಿಗೆ ಮೊದಲ ಎರಡು ಹಣ್ಣು ಬಲಿತು, ಬುಡದಿಂದ ಹಳದಿ ಏರತೊಡಗಿತ್ತು. ಹಿತ್ತಲ ಬಾಗಿಲು ತೆಗೆದರೆ ಸಾಕು, ಮನೆಯೆಲ್ಲ ಅದೇ ವಾಸನೆ.

ಪಂಚಮಿಗೆ ಅಕ್ಕ ತವರಿಗೆ ಬಂದಳು. ಬಸುರಿ. ಐದನೆಯ ತಿಂಗಳು ಎಂದು ಅವ್ವ ಹೇಳಿದಳು. ನಾನು ಓಡಿ ಹೋಗಿ ಕೈ ಹಿಡಿದರೆ ಕೈ ಸುಡುತ್ತಿತ್ತು. ಕಣ್ಣು ಒಳಗೆ ಹೋಗಿ, ಮುಖ ಬಿಳಿಚಿತ್ತು. "ಏನಿಲ್ಲ, ದಿನಾ ಬಿಟ್ಟು ದಿನಾ ಚಳಿ ಬರತೈತಿ" ಎಂದಳು. ನಮ್ಮ ಸೀಮೆಯಲ್ಲಿ ಆಗ ಚಳಿಜ್ವರ ಮನೆಮನೆಯಲ್ಲಿ. ಯಾರೂ ಅದನ್ನು ರೋಗ ಎಂದೇ ಎಣಿಸುತ್ತಿರಲಿಲ್ಲ. ಯುದ್ಧದ ದೆಸೆಯಿಂದ ದವಾಖಾನೆಯಲ್ಲಿ ಕ್ವಿನೈನ್ ಗುಳಿಗೆಯೂ ಸಿಗುತ್ತಿರಲಿಲ್ಲ. ಅವ್ವ ಕಷಾಯ ಕಾಯಿಸಿ ಕೊಟ್ಟಳು, ಕೌದಿ ಹೊದಿಸಿ ಮಲಗಿಸಿದಳು. ಓಣಿಯ ಹುಡುಗಿಯರು ಜೋಕಾಲಿ ಜೀಕುತ್ತಿದ್ದರೆ ಅಕ್ಕ ಒಳಗೆ ಹಲ್ಲು ಕಟಕಟಿಸುತ್ತ ಮಲಗಿದ್ದಳು. ಜ್ವರ ಬಿಟ್ಟ ದಿನ ಮಾತ್ರ ಎದ್ದು ಹಿತ್ತಲಿಗೆ ಹೋದಳು. ತನ್ನ ಹಣ್ಣುಗಳ ಮುಂದೆ ಬಹಳ ಹೊತ್ತು ಕುಳಿತಳು.

ಹಬ್ಬ ಮುಗಿದ ಮೂರನೆಯ ದಿನಕ್ಕೇ ಮಾಮಾ ಕರೆಯಲು ಬಂದ. ಅಳಿಯ ಬಂದ ಎಂದು ಮನೆಯಲ್ಲಿ ಗಡಿಬಿಡಿ. ಊಟವಾದ ಮೇಲೆ ಅವನು ಮೂಗು ಅರಳಿಸಿ, "ಏನಿದು ವಾಸನಿ?" ಎಂದ. ಅಪ್ಪ ಹೆಮ್ಮೆಯಿಂದ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎರಡು ವರ್ಷ ಆ ಗಿಡಗಳ ಕಡೆ ತಿರುಗಿ ನೋಡದಿದ್ದ ಅಪ್ಪ, ಅವತ್ತು ತಾವೇ ಬೆಳೆಸಿದಂತೆ ಮಾತಾಡಿದರು. ಅಕ್ಕ ಒಂದು ಹಣ್ಣು ಕೊಯ್ದು ತಂದು, ಈಳಿಗೆಯ ಮುಂದೆ ಕುಳಿತು, ತಾನೇ ಸಿಪ್ಪೆ ತೆಗೆದು ಹೋಳು ಮಾಡಿದಳು. ರಸ ಮೊಣಕೈ ತನಕ ಇಳಿಯುತ್ತಿತ್ತು. ಅದನ್ನೂ ನೆಕ್ಕಲಿಲ್ಲ; ಸೆರಗಿನಿಂದ ಒರೆಸಿಕೊಂಡಳು. ಯಾಕೆಂದರೆ ಅವ್ವ ಮೊದಲೇ ಹೇಳಿದ್ದಳು, ಬಸುರಿ ತಿನ್ನಬಾರದು ಎಂದು. ಮಾಮಾ ಕೂಡ ತಾಟು ತೆಗೆದುಕೊಳ್ಳುತ್ತ, "ನೀ ತಿನಬ್ಯಾಡ ಮತ್ತ, ಉಷ್ಣ ಐತಿ" ಎಂದ. ಎಂದು, ತಾನು ತಿಂದ. ಚಪ್ಪರಿಸಿ ತಿಂದ. ನನಗೆ ಎರಡು ಹೋಳು, ಅಪ್ಪನಿಗೆ ಎರಡು, ಉಳಿದದ್ದೆಲ್ಲ ಅವನೇ. "ಇಂಥಾ ಹಣ್ಣು ಶಿರಸಿಯಾಗೂ ಸಿಗಂಗಿಲ್ಲ ಬಿಡ್ರಿ ಮಾಮಾರ. ಆ ಇನ್ನೊಂದನ್ನ ನಾ ಊರಿಗೆ ಒಯ್ತೇನಿ" ಎಂದು ಅಪ್ಪನಿಗೆ ಹೇಳಿದ. ಒಯ್ದ.

ಹೊರಡುವ ಹೊತ್ತಿಗೆ ಅವ್ವ ಬಾಗಿಲ ಮರೆಯಿಂದಲೇ ಬೇಡಿಕೊಂಡಳು. "ಅಳಿಯಾರ, ಜ್ವರಾ ಪೂರ್ತಿ ಬಿಟ್ಟಿಲ್ರಿ. ಇನ್ನೊಂದು ಎಂಟು ದಿನಾ ಇಲ್ಲೇ ಇರ್ಲಿ. ಮಳಿ ಬ್ಯಾರೆ."

"ತೋಟದಾಗ ಎಲಿ ಕೊಯ್ಲು ನಡದೈತ್ರಿ. ಮನ್ಯಾಗ ಮಂದಿ ಇಲ್ಲ. ಅವ್ವ ಕರಕೊಂಡ ಬಾ ಅಂದಾಳ" ಎಂದ ಮಾಮಾ, ಮೆತ್ತಗೆ. ಅವನು ಯಾವುದನ್ನೂ ಗಟ್ಟಿಯಾಗಿ ಹೇಳುವವನಲ್ಲ.

ಅಪ್ಪ, "ಕಳಸೋಣ ಬಿಡು, ಅವರ ಮನೀ ಹುಡುಗಿ" ಎಂದರು. ಅಕ್ಕ ಕೌದಿ ಸುತ್ತಿಕೊಂಡು ಚಕ್ಕಡಿಯಲ್ಲಿ ಕುಳಿತಳು. ಬಂಕಾಪುರದ ದಾರಿ ಹಿಡಿದು ಚಕ್ಕಡಿ ಹೋಯಿತು. ಅವಳ ಕಾಲ ಹತ್ತಿರದ ಬುಟ್ಟಿಯಲ್ಲಿ ಆ ಹಣ್ಣಿನ ಜುಟ್ಟು ಮೇಲೆದ್ದು ಕಾಣುತ್ತಿತ್ತು.

ಸವಣೂರಿನಲ್ಲಿ ಏನಾಯಿತು ಎಂಬುದನ್ನು ಅಕ್ಕ ಆಮೇಲೆ ನಮಗೆ ಹೇಳಿದ್ದು ತುಂಡು ತುಂಡಾಗಿ. ಹೋದ ಮರುದಿನದಿಂದಲೇ ಅವಳನ್ನು ಎಲೆಯ ಕೆಲಸಕ್ಕೆ ಹಚ್ಚಿದರು. ಕೊಯ್ದ ಎಲೆಗೆ ನೀರು ಚಿಮುಕಿಸಿ, ಆರಿಸಿ, ಒಂದರ ಮೇಲೊಂದು ಇಟ್ಟು ಕಟ್ಟುವುದು. ಒದ್ದೆ ನೆಲ, ಒದ್ದೆ ಗೋಣಿ, ಒದ್ದೆ ಸೀರೆ. ಚಳಿ ಬಂದು ನಡುಗಿದರೆ, "ನಾಟಕ ಸಾಕು, ನಾವು ಬಸುರಾಗಿರಲಿಲ್ಲೇನು?" ಎಂದು ಬಸಲಿಂಗವ್ವ. ಒಂದು ಸಂಜೆ ಎಲೆಯ ರಾಶಿಯ ಮುಂದೆಯೇ ಮೈಮೇಲಿನ ಎಚ್ಚರ ತಪ್ಪಿ ಬಿದ್ದಳು. ಜ್ವರ ಇಳಿಯಲೇ ಇಲ್ಲ. ಕೂಸು ಹೋಯಿತು. ಗಂಡುಕೂಸಂತೆ. ಅದನ್ನು ಬಸಲಿಂಗವ್ವ ಮತ್ತೆ ಮತ್ತೆ ಹೇಳುತ್ತಿದ್ದಳಂತೆ, ಗಂಡು ಇತ್ತು, ಗಂಡು ಇತ್ತು ಎಂದು.

ಎದ್ದು ನಿಲ್ಲಲೂ ಆಗದವಳನ್ನು ಚಕ್ಕಡಿಯಲ್ಲಿ ಹಾಕಿ ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿ ಹೋದರು. ಕರೆದುಕೊಂಡು ಬಂದ ಆಳು ನೀರು ಕೂಡ ಕುಡಿಯದೆ ಎತ್ತು ತಿರುಗಿಸಿದ.

ಅಪ್ಪ ಸರಕಾರಿ ದವಾಖಾನೆಯ ಡಾಕ್ಟರರನ್ನು ಕರೆತಂದರು. ಅವರು ಅಕ್ಕನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆಯ ಎಡಮಗ್ಗುಲು ಒತ್ತಿ ನೋಡಿದರು. ನಾನು ಅಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. "ಮಾಸ್ತರ್, ಗುಲ್ಮ ಹೆಂಗ ಊದ್ಯದ ನೋಡ್ರಿ. ಮೈಯಾಗ ರಕ್ತನ ಉಳದಿಲ್ಲ. ಇದು ಚಳಿಜ್ವರದ ಕೆಲಸ. ಇಷ್ಟು ಜ್ವರದಾಗ ಬಸುರಿನ್ನ ದುಡಿಸಿದ್ರ ಕೂಸು ಹ್ಯಾಂಗ ಉಳೀತದ? ತಾಯಿ ಉಳದದ್ದ ದೊಡ್ಡ ಮಾತು" ಎಂದರು. ಅಪ್ಪ ಕೇಳಿಸಿಕೊಂಡರು. ಇದನ್ನು ಇಷ್ಟು ಒತ್ತಿ ಬರೆಯಲು ಕಾರಣ ಇದೆ. ಅಪ್ಪ ತಮ್ಮ ಕಿವಿಯಿಂದ ಕೇಳಿಸಿಕೊಂಡರು.

ಮಳೆ ಹಿಂದೆ ಸರಿದು, ಭತ್ತ ಹೊಡೆ ತುಂಬುವ ಹೊತ್ತಿಗೆ ಸವಣೂರಿನವರು ಬಂದರು. ಬಸಲಿಂಗವ್ವ, ಮಾಮಾ, ಜೊತೆಗೆ ಅವರ ಕಡೆಯ ಇಬ್ಬರು ಹಿರಿಯರು. ನಮ್ಮ ಓಣಿಯವರೂ ಕೂಡಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಎಲೆಅಡಿಕೆ ಇಟ್ಟು ಕೂಡಿಸಿದೆವು. ಅಕ್ಕನನ್ನು ನಡುಮನೆಯ ಬಾಗಿಲಲ್ಲಿ ಕಂಬಕ್ಕೆ ಆನಿಸಿ ಕೂಡಿಸಿದ್ದರು. ಅವಳಿಗೆ ಆಗ ತಾನೇ ಎದ್ದು ಓಡಾಡುವಷ್ಟು ಶಕ್ತಿ ಬಂದಿತ್ತು.

ಬಸಲಿಂಗವ್ವ ಸುತ್ತಿಬಳಸಲಿಲ್ಲ. "ನಿಮ್ಮ ಮಗಳು ಬೇಕಂತನ ಹೊಟ್ಟಿ ಇಳಿಸ್ಕೊಂಡಾಳ. ತವರಮನ್ಯಾಗ ಅನಾನಸ್ ಬೆಳೆದಾಳ, ತಿಂದಾಳ. ಅಷ್ಟ ಸಾಲ್ದು ಅಂತ ನಮ್ಮನೀಗೂ ಒಂದು ತಂದಿದ್ಲು. ನಾ ಕಣ್ಣಾರೆ ನೋಡೇನಿ ಬುಟ್ಟ್ಯಾಗ. ಬಸುರಿ ಆ ಹಣ್ಣು ತರ್ತಾಳಂದ್ರ ಏನ ಅರ್ಥ, ನೀವ ಹೇಳ್ರಿ ಹಿರೇರು."

ಹಿರಿಯರು ಮೀಸೆ ತಿರುವಿದರು. "ಅದು ಭಾಳ ಉಷ್ಣದ ಹಣ್ಣು. ನಾವೂ ಕೇಳೇವಿ" ಎಂದರು ಒಬ್ಬರು. ಇನ್ನೊಬ್ಬರು, "ಗಂಡುಕೂಸು ಬ್ಯಾರೆ" ಎಂದರು.

ನಾನು ಮಾಮಾನ ಮುಖ ನೋಡಿದೆ. ಈಗ ಹೇಳುತ್ತಾನೆ ಎಂದು ಕಾದೆ. ಆ ಬುಟ್ಟಿ ತುಂಬಿಸಿದವನು ಅವನು. ತಿನ್ನಬೇಡ ಎಂದವನು ಅವನು, ತಿಂದವನು ಅವನು. ಅವನು ಜಮಖಾನೆಯ ಒಂದು ಎಳೆಯನ್ನು ಉಗುರಿನಿಂದ ಎತ್ತುತ್ತ ಕುಳಿತಿದ್ದ. ಅಪ್ಪನ ಮುಖ ನೋಡಿದೆ. ಅಪ್ಪ ಡಾಕ್ಟರರ ಮಾತು ಹೇಳುತ್ತಾರೆ ಎಂದು ಕಾದೆ. ಅಪ್ಪ ಗಂಟಲು ಸರಿಪಡಿಸಿಕೊಂಡು, "ಹುಡುಗಿ ಸಣ್ಣಾಕಿ, ತಿಳೀಲಿಲ್ಲ ಆಕೀಗೆ. ದೊಡ್ಡವರು ಕ್ಷಮಾ ಮಾಡಬೇಕು" ಎಂದರು.

ತಿಳಿಯಲಿಲ್ಲ ಆಕೆಗೆ! ನಾನು ಮುಂದೆ ನುಗ್ಗಿ ಕೂಗಿದೆ.

"ಅಕ್ಕ ತಿಂದಿಲ್ಲ! ತಿಂದಾವ್ರು ಮಾಮಾ! ಪೂರಾ ಒಂದು ಹಣ್ಣು ತಿಂದು, ಇನ್ನೊಂದು ಕೇಳಿ ಒಯ್ದಾರ! ಮಾಮಾ, ಹೇಳ್ರಿ, ಖರೆ ಹೌದಲ್ಲೋ?"

ಮಾಮಾ ತಲೆ ಎತ್ತಿದ, ತನ್ನ ತಾಯಿಯ ಕಡೆ ಒಮ್ಮೆ ನೋಡಿದ, ಮತ್ತೆ ಜಮಖಾನೆಗೆ ಕಣ್ಣು ಇಳಿಸಿದ. "ಹುಡುಗಿ ಏನೋ ಅಂತೈತಿ" ಎಂದ. ಅಷ್ಟೇ. ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದರು. ಅದಕ್ಕೂ ಮೊದಲು ಅಪ್ಪ ನನ್ನನ್ನು ಹೊಡೆದದ್ದಿಲ್ಲ. ಶಾಲೆಯಲ್ಲಿ ಸುಳ್ಳು ಹೇಳಿದ ಹುಡುಗರಿಗೆ ಛಡಿ ಏಟು ಕೊಡುತ್ತಿದ್ದ ಕೈ, ನಾನು ಖರೆ ಹೇಳಿದ್ದಕ್ಕೆ ಹೊಡೆಯಿತು.

ಆಗ ಅಕ್ಕ ಕಂಬ ಹಿಡಿದುಕೊಂಡು ಎದ್ದಳು. ಯಾರ ಕಡೆಯೂ ನೋಡದೆ ಹಿತ್ತಲಿಗೆ ಹೋದಳು. ಅಳಲು ಹೋದಳು ಎಂದೇ ಎಲ್ಲರೂ ತಿಳಿದರು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಮೂರನೆಯ ಹಣ್ಣು ಇತ್ತು, ನೆರಳಿನ ಗಿಡದ್ದು, ತಡವಾಗಿ ಹಣ್ಣಾದದ್ದು. ಇನ್ನೊಂದು ಕೈಯಲ್ಲಿ ಈಳಿಗೆ. ಪಡಸಾಲೆಯ ನಟ್ಟನಡುವೆ, ಹಿರಿಯರ ಎಲೆಅಡಿಕೆಯ ತಾಟಿನ ಮುಂದೆ, ಈಳಿಗೆ ಇಟ್ಟು ಕುಕ್ಕರುಗಾಲಿನಲ್ಲಿ ಕುಳಿತಳು. ಸೀಳಿದಳು. ಸಿಪ್ಪೆ ಕೂಡ ಸರಿಯಾಗಿ ತೆಗೆಯಲಿಲ್ಲ. ಒಂದು ಹೋಳು ಬಾಯಿಗೆ ಇಟ್ಟಳು, ಕಚ್ಚಿದಳು, ಅಗಿದಳು, ನುಂಗಿದಳು. ಇನ್ನೊಂದು. ಮತ್ತೊಂದು. ತುಟಿಯ ಅಂಚು ಕೊರೆದು ಸಣ್ಣಗೆ ರಕ್ತ ಬಂತು. ರಸ ಗದ್ದದಿಂದ ಸೀರೆಗೆ ಇಳಿಯಿತು.

"ಈಗ ತಿನ್ನಾಕತ್ತೇನಿ ನೋಡ್ರಿ" ಎಂದಳು ಬಸಲಿಂಗವ್ವನಿಗೆ. "ನನ್ನ ಕೈಯಾರ ನೆಟ್ಟ ಗಿಡದ ಹಣ್ಣು ಇವತ್ತ ಮೊದಲನೇ ಸಲ ನನ್ನ ಬಾಯಿಗೆ ಬಿತ್ತು. ಅನಾನಸ್ ತಿಂದ್ಲು ಅಂತ ಊರ ತುಂಬ ಹೇಳ್ರಿ. ಈಗ ಹೇಳಿದ್ರ ಅದು ಖರೆ ಆಗತೈತಿ."

ಬಸಲಿಂಗವ್ವ ಸೆರಗು ಕೊಡವಿ ಎದ್ದಳು. "ನೋಡಿದ್ರಿಲ್ಲೋ, ಬಾಯಿ ನೋಡಿದ್ರಿಲ್ಲೋ ಈಕೀದು!" ಎನ್ನುತ್ತ ಚಪ್ಪಲಿ ಮೆಟ್ಟಿದಳು. ಮಾಮಾ ಅವಳ ಹಿಂದೆ. ಹಿರಿಯರು ಅವನ ಹಿಂದೆ. ಅವನು ಹೊಸ್ತಿಲು ದಾಟುವಾಗ ಒಮ್ಮೆಯಾದರೂ ತಿರುಗಿ ನೋಡಿದನೇ ಎಂದು ನಾನು ನೋಡುತ್ತಿದ್ದೆ. ಇಲ್ಲ.

ಎಷ್ಟೋ ವರ್ಷಗಳ ಮೇಲೆ, ನನಗೂ ಮಕ್ಕಳಾಗಿದ್ದ ಕಾಲದಲ್ಲಿ, ಶಿಗ್ಗಾವಿಯ ಮೋಟಾರ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಕೂದಲು ಬೆಳ್ಳಗಾಗಿತ್ತು, ಎರಡನೆಯ ಹೆಂಡತಿಯ ಮಗಳು ಜೊತೆಗಿದ್ದಳು. ತಾನಾಗಿಯೇ ಗುರುತು ಹಿಡಿದು, "ಶಾಂತವ್ವ ಅಲ್ಲೇನು? ಆರಾಮ ಅದೀಯಾ?" ಎಂದ. "ಅವತ್ತು ಹಣ್ಣು ತಿಂದಾವ್ರು ನೀವು. ಯಾಕ ಸುಮ್ಮನ ಕುಂತ್ರಿ?" ಎಂದು ಕೇಳಿದೆ. ಅವನು ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. "ಯಾವ ಹಣ್ಣು, ತಂಗೀ?" ಎಂದ. ಸೋಗು ಹಾಕುತ್ತಿರಲಿಲ್ಲ. ಅವನಿಗೆ ಮರೆತೇ ಹೋಗಿತ್ತು. ಅವನು ಸುಳ್ಳುಗಾರ ಎಂದು ಅಷ್ಟು ದಿನ ಬೈದುಕೊಂಡಿದ್ದೆ. ಅವನಿಗೆ ಅದು ನೆನಪಿಡುವಷ್ಟು ದೊಡ್ಡ ಮಾತೇ ಆಗಿರಲಿಲ್ಲ ಎಂದು ತಿಳಿದ ಮೇಲೆ ಬೈಗುಳವೇ ಸಾಲದಾಯಿತು. ಅಕ್ಕ ಆ ಹೊತ್ತಿಗೆ ಮತ್ತೆ ಶಾಲೆ ಕಲಿತು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ರಟ್ಟೀಹಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದಳು. ಇದನ್ನು ಹೇಳಿದರೆ ಜನ, "ಹಂಗಾರ ಛಲೋನ ಆತಲ್ಲ" ಎನ್ನುತ್ತಾರೆ. ಯಾರಿಗೆ ಛಲೋ ಆಯಿತು? ಅವಳಿಗೆ ಶಾಲೆ ಕಲಿಸಲು ಕೂಸು ಹೋಗಬೇಕಾಗಿತ್ತೇ, ಅವಳ ಮೇಲೆ ಕೊಲೆಯ ಮಾತು ಬರಬೇಕಾಗಿತ್ತೇ? ಒಂದು ಒಣ ಕೌದಿ, ನಾಲ್ಕು ದಿನದ ವಿಶ್ರಾಂತಿ ಕೊಡಲಾಗದವರು, ಆಮೇಲೆ ಛಲೋ ಆಯಿತು ಎನ್ನುವ ಹಕ್ಕು ಎಲ್ಲಿಂದ ತಂದರು?

ಆ ದಿನದ ಮಾತಿಗೇ ಬರುತ್ತೇನೆ. ಎಲ್ಲರೂ ಹೋದ ಮೇಲೆ ಅಪ್ಪ ಕುಡಗೋಲು ತೆಗೆದುಕೊಂಡು ಹಿತ್ತಲಿಗೆ ಹೋದರು. ಒಂದೊಂದೇ ಗಿಡವನ್ನು ಕಡಿದರು. ಅನಾನಸಿನ ಎಲೆ ಸುಲಭಕ್ಕೆ ಬಿಡುವುದಿಲ್ಲ. ಅಪ್ಪನ ಮುಂಗೈ, ಮೊಣಕೈ ಎಲ್ಲ ಗೀರು ಗೀರಾಗಿ ಕೆಂಪೇರಿತು. ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊನೆಯ ಗಿಡ ಬಿದ್ದ ಮೇಲೆ, "ಅಪ್ಪಾ, ಡಾಕ್ಟರ್ ಹೇಳಿದ್ದು ನಿಮಗ ನೆನಪಿತ್ತೋ ಇಲ್ಲೋ?" ಎಂದು ಮಾತ್ರ ಕೇಳಿದಳು. ಅಪ್ಪ ಕೈ ತೊಳೆದುಕೊಂಡು ಒಳಗೆ ಹೋದರು.

ಸುಗ್ಗಿ ಬಂತು. ಭತ್ತದ ಹುಲ್ಲಿನ ಚಕ್ಕಡಿಗಳು ಓಣಿಯಲ್ಲಿ ಹಾಯತೊಡಗಿದವು. ಅಷ್ಟರಲ್ಲಿ ಹಿರೇಕೆರೂರಿನ ಒಂದು ಮನೆತನದವರು ನನ್ನನ್ನು ನೋಡಿಕೊಂಡು ಹೋಗಿದ್ದರು. ನನಗೆ ಹದಿಮೂರು ತುಂಬಿತ್ತು. ಅವರು ಹೇಳಿ ಕಳಿಸಿದರು: ದೊಡ್ಡ ಮಗಳ ವಿಷಯ ಮೊದಲು ಬಗೆಹರಿಯಲಿ. ಸವಣೂರಿನ ಹಿರಿಯರಿಂದಲೂ ಮಾತು ಬಂತು: ಗಿರಿಜಾ ಬಂದು, ಓಣಿಯ ಎದುರಿಗೆ ಅತ್ತೆಯ ಕಾಲು ಹಿಡಿದು, ತಪ್ಪಾಯಿತು ಎನ್ನಲಿ, ಇಟ್ಟುಕೊಳ್ಳುತ್ತೇವೆ. ಇಲ್ಲದಿದ್ದರೆ ಈರಪ್ಪನಿಗೆ ಬೇರೆ ಹೆಣ್ಣು ತರುತ್ತೇವೆ.

ಅಪ್ಪನಿಗೆ ಇದು ದೊಡ್ಡ ಉಪಕಾರದಂತೆ ಕಂಡಿತು. ಅಕ್ಕ, "ಹೋಗ್ತೇನಿ" ಎಂದಳು. ನಾನು ಅವಳ ಮೈಮೇಲೆ ಬಿದ್ದು ಜಗಳ ಮಾಡಿದೆ. ಹಿರಿಯರ ಮುಂದೆ ಹಣ್ಣು ತಿಂದವಳು ಇವಳೇನಾ ಎಂದು ಕೂಗಾಡಿದೆ. ಅವಳು ಸೀರೆ ಮಡಚಿ ಟ್ರಂಕಿಗೆ ಇಡುತ್ತ, "ನಿನ್ನ ಲಗ್ನ ಆಗಬೇಕಲ್ಲ, ಹುಚ್ಚೀ. ಕಾಲು ಹಿಡಿಯೂದು ಒಂದು ಗಳಿಗಿ ಕೆಲಸ" ಎಂದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಬೆಳಿಗ್ಗೆ ಸವಣೂರಿನವರೇ ಕಳಿಸಿದ ಸವಾರಿ ಚಕ್ಕಡಿ ಬಂದು ಬಾಗಿಲಲ್ಲಿ ನಿಂತಿತು. ಟ್ರಂಕು ಏರಿಸಿದರು. ಅಪ್ಪ ರುಮಾಲು ಸುತ್ತಿಕೊಂಡು, ತಾವೂ ಜೊತೆಗೆ ಹೊರಡಲು ಕಟ್ಟೆ ಇಳಿದರು. ಓಣಿಯ ಹೆಂಗಸರು ಬಾಗಿಲು ಬಾಗಿಲಲ್ಲಿ. ಅಕ್ಕ ತಲೆತುಂಬ ಸೆರಗು ಹೊದ್ದು ಚಕ್ಕಡಿಯ ಅಚ್ಚಿನ ಮೇಲೆ ಒಂದು ಕಾಲು ಇಟ್ಟಳು.

ಅವ್ವ ಆ ತನಕ ಇಡೀ ವಿಷಯದಲ್ಲಿ ಎದುರಿಗೆ ನಿಂತು ಒಂದು ಮಾತು ಆಡಿದವಳಲ್ಲ. ಅಳಿಯನಿಗೆ ಬೇಡಿಕೊಂಡದ್ದೂ ಬಾಗಿಲ ಮರೆಯಿಂದ. ಪಂಚಾಯತಿಯ ದಿನ ಒಳಗೆ ಒಲೆಯ ಮುಂದೆ ಕುಳಿತೇ ಇದ್ದಳು. ಈಗ ತಲೆಯ ಮೇಲೆ ಸೆರಗೂ ಇಲ್ಲದೆ, ಹಿಟ್ಟಿನ ಕೈಯಲ್ಲೇ ಬೀದಿಗೆ ಇಳಿದು ಬಂದಳು. ಅಕ್ಕನ ರಟ್ಟೆ ಹಿಡಿದು ಕೆಳಗೆ ಎಳೆದಳು.

"ಏನ ತಪ್ಪಾತು ಅಂತ ಹೇಳ್ತಾಳ ಈಕಿ ಅಲ್ಲಿ ಹೋಗಿ?" ಎಂದು ಅಪ್ಪನಿಗೆ ಕೇಳಿದಳು. "ಒಂದ ಹೇಳ್ರಿ. ಒಂದ ಒಂದು ತಪ್ಪು ಹೇಳ್ರಿ, ನಾನ ಕಳಸ್ತೇನಿ."

"ಒಳಗ ನಡಿ. ಮಂದಿ ನೋಡಾಕತ್ತಾರ" ಎಂದರು ಅಪ್ಪ.

"ನೋಡ್ಲಿ. ನನ್ನ ಮಗಳು ಜ್ವರದಾಗ ಬೇಯಾಕತ್ತಾಗ ಯಾವ ಮಂದಿ ಬಂದಿದ್ರು? ಡಾಕ್ಟರ್ ಹೇಳಿದ್ದು ನಾನೂ ಕೇಳೇನ್ರಿ ಒಳಗಿನಿಂದ. ನೀವು ಹೇಳ್ತೀರಿ, ನೀವು ಹೇಳ್ತೀರಿ ಅಂತ ಅವತ್ತ ಒಲಿ ಮುಂದ ಕುಂತು ಕಾದೆ. ನೀವು ಕ್ಷಮಾ ಕೇಳಿದ್ರಿ."

"ಶಾಂತಾನ ಲಗ್ನ ನಿಲ್ಲತೈತಿ" ಎಂದರು ಅಪ್ಪ, ದನಿ ತಗ್ಗಿಸಿ.

"ನಿಲ್ಲಲಿ. ಒಬ್ಬಾಕಿನ್ನ ಕೊಂದು ಇನ್ನೊಬ್ಬಾಕೀಗೆ ಅಕ್ಷತಿ ಹಾಕೂದಿಲ್ಲ ನಾನು."

ಅವ್ವ ಚಕ್ಕಡಿಗೆ ಬಾಗಿ ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು. ಇಬ್ಬರು ಎತ್ತುವ ಟ್ರಂಕು ಅದು. ಒಬ್ಬಳೇ ಎಳೆದು, ಸೊಂಟಕ್ಕೆ ಏರಿಸಿಕೊಂಡು, ಒಂದು ಮಗ್ಗುಲಿಗೆ ವಾಲುತ್ತ ಕಟ್ಟೆ ಹತ್ತಿ ಒಳಗೆ ಒಯ್ದಳು. ನಡುಮನೆಯಲ್ಲಿ ಅದನ್ನು ಧಪ್ಪೆಂದು ಇಳಿಸಿದ ಸದ್ದು ಬೀದಿಗೆ ಕೇಳಿಸಿತು.

ಚಕ್ಕಡಿಯವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಮಾಸ್ತರ್ರ, ಹೊಡೀಲೇನ್ರಿ?" ಎಂದು ಕೇಳಿದ. ಅಪ್ಪ ಗಾಲಿಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದರು.

ಅವ್ವ ಮತ್ತೆ ಬಾಗಿಲಿಗೆ ಬಂದಳು. "ಹೊಡಿಯಪ್ಪಾ ತಮ್ಮಾ. ಯಾರೂ ಬರಂಗಿಲ್ಲಂತ ಸವಣೂರಾಗ ಹೇಳು. ಗಿರಿಜವ್ವನ ತಾಯಿ ಹೇಳ್ಯಾಳಂತ ಹೇಳು."

ಚಕ್ಕಡಿ ಓಣಿಯ ತಿರುವಿನಲ್ಲಿ ಒಮ್ಮೆ ವಾಲಿ, ಖಾಲಿಯಾಗಿಯೇ ಹೋಯಿತು. ಅಕ್ಕ ಇನ್ನೂ ಬೀದಿಯಲ್ಲೇ ನಿಂತಿದ್ದಳು. ಅವ್ವ, "ಬಾ, ಅಕ್ಕಿ ಆರಿಸು. ಹೊತ್ತಾತು" ಎಂದು ಒಳಗಿನಿಂದ ಕೂಗಿದಳು. ಅಕ್ಕ ಒಳಗೆ ಹೋಗಿ ಮೊರ ತೆಗೆದುಕೊಂಡು ಕುಳಿತಳು. ನಾನೂ ಹೋಗಿ ಅವಳ ಮಗ್ಗುಲಿಗೆ ಕುಳಿತೆ. ಅಪ್ಪ ಬಹಳ ಹೊತ್ತು ಬೀದಿಯಲ್ಲೇ ನಿಂತಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ.